ವೈದ್ಯಕೀಯ ಸಂಶೋಧನೆ ಮತ್ತು ಸಾರ್ವಜನಿಕ ಹಣ

ಪುಣೆಯ ಡಾ. ಅಂಬೇಡ್ಕರ್ ರಸ್ತೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಮುಂದೆ ನಿತ್ಯ ಹಾದುಹೋಗುವ ಕನ್ನಡಿಗರು ಅನೇಕರು. ಮಲೆನಾಡಿನ ಕ್ಯಾಸನೂರು ಎಂಬ ಸಣ್ಣ ಊರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿದುದು ಈ ಸಂಸ್ಥೆಯ ದುಡಿಮೆಯಿಂದ ಎಂಬುದು ಅವರಲ್ಲಿ ಕೆಲವರಿಗಷ್ಟೇ ತಿಳಿದಿರಬಹುದು.

1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ಇಲ್ಲಿ ವೈರಾಣು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದವು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು. ಪೀತಜ್ವರವು ಭಾರತಕ್ಕೆ ಕಾಲಿಟ್ಟಿತೇ ಎಂಬ ಶಂಕೆ ಹುಟ್ಟಿತು. ಪುಣೆಯ ವಿಜ್ಞಾನಿಗಳು ಇದು ಉಣ್ಣಿಗಳಿಂದ ಹರಡುವ ಹೊಸ ವೈರಾಣುವೆಂದು ತೋರಿಸಿದರು. ಅದೇ ಮಂಗನ ಕಾಯಿಲೆ. ಐದು ವರ್ಷ ಮೊದಲೇ ಪ್ರಯೋಗಾಲಯಕ್ಕೆ ಹಣ ತೊಡಗಿಸಿದ್ದುದರಿಂದಲೇ ಇದು ಸಾಧ್ಯವಾಯಿತು. ಬಾಯಾರಿದಾಗ ಬಾವಿ ತೋಡಿದರೆ ನೀರು ಸಿಗದಷ್ಟೇ!

ಹಣದ ಮೂಲ

1911ರಲ್ಲಿ ಆರಂಭವಾದ ಸಂಶೋಧನಾ ನಿಧಿ ಸಂಘವೇ 1949ರಲ್ಲಿ ಇಂದಿನ ಮಂಡಳಿಯಾಯಿತು. 2007ರಲ್ಲಿ ಆರೋಗ್ಯ ಸಂಶೋಧನೆಗೆಂದೇ ಕೇಂದ್ರದಲ್ಲಿ ಪ್ರತ್ಯೇಕ ಇಲಾಖೆ ರಚಿತವಾಯಿತು. 2023-24ರ ಮುಂಗಡಪತ್ರದಲ್ಲಿ ಆರೋಗ್ಯ ಸಚಿವಾಲಯಕ್ಕೆ ದೊರೆತ 89,155 ಕೋಟಿ ರೂಪಾಯಿಗಳಲ್ಲಿ ಈ ಇಲಾಖೆಯ ಪಾಲು 2,980 ಕೋಟಿ. ಅಂದರೆ ನೂರು ರೂಪಾಯಿಗೆ ಮೂರು ರೂಪಾಯಿ ಮೂವತ್ತನಾಲ್ಕು ಪೈಸೆ.

ಹಂಚಿಕೆಯ ಕ್ರಮ

ಹಣವು ಎರಡು ಕಾಲುವೆಗಳಲ್ಲಿ ಹರಿಯುತ್ತದೆ. ಮೊದಲನೆಯದು ಪುಣೆಯ ಸಂಸ್ಥೆಯಂತಹ ಮಂಡಳಿಯ ಸ್ವಂತ ಸಂಸ್ಥೆಗಳಿಗೆ. ಎರಡನೆಯದು ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯಗಳ ಸಂಶೋಧಕರಿಗೆ. ಹೊರಗಿನ ಸಂಶೋಧಕನು ಯೋಜನೆಯನ್ನೂ ವೆಚ್ಚದ ಅಂದಾಜನ್ನೂ ಸಲ್ಲಿಸಬೇಕು. ವಿಷಯತಜ್ಞರು ಅದನ್ನು ಪರಿಶೀಲಿಸುತ್ತಾರೆ. ಮನುಷ್ಯರ ಮೇಲಿನ ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಮಂಜೂರಾದ ಹಣವು ಕಂತುಗಳಲ್ಲಿ ಬರುತ್ತದೆ. ಪ್ರಗತಿವರದಿ ಹಾಗೂ ವಿನಿಯೋಗ ಪ್ರಮಾಣಪತ್ರಗಳನ್ನು ಒಪ್ಪಿಸಬೇಕು.

ಇದು ಸಾಲದ ಅರ್ಜಿಯನ್ನು ಹೋಲುತ್ತದೆ. ಆದರೆ ಭೇದವೊಂದುಂಟು: ಇಲ್ಲಿ ಮರುಪಾವತಿಯಾಗುವುದು ಹಣವಲ್ಲ, ಜ್ಞಾನ. ವಿಫಲವಾದ ಪ್ರಯೋಗವು ಮುಳುಗಿದ ಸಾಲವಲ್ಲ. ಪ್ರಾಮಾಣಿಕವಾಗಿ ಪ್ರಕಟವಾದರೆ ಮುಂದಿನವರಿಗೆ ಅದೇ ತಪ್ಪುದಾರಿಯ ಖರ್ಚನ್ನು ಉಳಿಸುತ್ತದೆ.

ಯಾರ ರೋಗಕ್ಕೆ ಹಣ?

2020ರಲ್ಲಿ ಪುಣೆಯಲ್ಲಿ ಬೇರ್ಪಡಿಸಿದ ಕೊರೋನಾ ವೈರಾಣುವಿನಿಂದ ಕೋವ್ಯಾಕ್ಸಿನ್ ಲಸಿಕೆ ತಯಾರಾಗಿ, 2021ರ ಜನವರಿಯಲ್ಲಿ ತುರ್ತುಬಳಕೆಗೆ ಅನುಮತಿ ಪಡೆಯಿತು. ಇಡೀ ಜಗತ್ತೇ ಅದರ ಗಿರಾಕಿಯಾಗಿತ್ತು. ಮಂಗನ ಕಾಯಿಲೆಯ ರೋಗಿಗಳಾದರೋ ಸೌದೆ, ತರಗೆಲೆಗಾಗಿ ಕಾಡಿಗೆ ಹೋಗುವ ಬಡವರು. ಹಳೆಯ ಲಸಿಕೆಯ ರಕ್ಷಣೆ ಅಲ್ಪಕಾಲದ್ದು. ಅದರ ಪರಿಣಾಮ ಕುಂದಿದುದು ಕಂಡುಬಂದು 2022ರ ವೇಳೆಗೆ ಬಳಕೆ ನಿಂತಿತು. ಆಮೇಲೆ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯ ಕಾರ್ಯಕ್ಕೆ ಕೈಹಾಕಿತು. ಲಾಭ ಕಾಣದ ಕಡೆ ಮಾರುಕಟ್ಟೆ ಹೆಜ್ಜೆಯಿಡದು. ಅಲ್ಲಿ ಸಾರ್ವಜನಿಕ ಹಣವೇ ಗತಿ. ಆದುದರಿಂದ ಹಂಚಿಕೆಯಲ್ಲಿ ರೋಗಿಗಳ ಸಂಖ್ಯೆಯೊಂದೇ ಅಳತೆಗೋಲಾಗಬಾರದು. ಬೇರೆ ದಿಕ್ಕಿಲ್ಲದವರು ಯಾರೆಂಬುದನ್ನೂ ತೂಗಬೇಕು. ರೋಗವಾದರೂ ಒಂದು ಜಿಲ್ಲೆಯಲ್ಲಿ ನಿಲ್ಲಲಿಲ್ಲ. 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿತು.

ಬೇಸಿಗೆಯ ರಜೆಯಲ್ಲಿ ಮಲೆನಾಡಿಗೆ ತೆರಳುವವರು ಕಾಡಿಗೆ ಹೋಗುವ ಮುನ್ನ ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ನೀಡುವ ಡೇಪಾ ತೈಲವನ್ನು ಲೇಪಿಸಿಕೊಳ್ಳುವುದು ಒಳಿತು. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಸಂಶೋಧನೆಯ ಮೊದಲ ಕಡತ ತೆರೆಯುವುದು ಇಂತಹ ಒಂದು ಸುದ್ದಿಯಿಂದಲೇ.