ಟಿ.ವಿ. ಚಿತ್ರ ಯಾಕೆ ಒಡೆಯುತ್ತದೆ?

ಸಂಜೆ ಏಳು ಗಂಟೆ. ಅತ್ತೆ ಟಿ.ವಿ. ಮುಂದೆ ಕೂತಿದ್ದರು. ಇದ್ದಕ್ಕಿದ್ದಂತೆ ಚಿತ್ರ ಚೌಕ ಚೌಕವಾಗಿ ಒಡೆಯಿತು. ಮಾತು ತುಂಡು ತುಂಡಾಯಿತು.

"ಕೇಬಲ್‌ನೋರಿಗೆ ಫೋನ್ ಮಾಡಮ್ಮ," ಅಂದರು ಅತ್ತೆ.

"ಹೋದ ಸಲ ಬಂದೋರು ಇನ್ನೂರು ರೂಪಾಯಿ ತಗೊಂಡ್ರು ಅತ್ತೆ. ಮೊದಲು ನಾವೇ ನೋಡೋಣ," ಅಂದಳು ಸೊಸೆ.

ಅವಳು ಪಕ್ಕದ ಮನೆಗೆ ಹೋಗಿ ಕೇಳಿದಳು. ಅಲ್ಲಿ ಚಿತ್ರ ಚೆನ್ನಾಗಿ ಬರುತ್ತಿತ್ತು. ಹಾಗಾದರೆ ತೊಂದರೆ ತಮ್ಮ ಮನೆಯ ಕಡೆಯೇ ಇರಬೇಕು. ಅಲ್ಲೂ ಕೆಟ್ಟಿದ್ದರೆ ಕೇಬಲ್‌ನವರಿಗೇ ಹೇಳಬೇಕಿತ್ತು.

ಸೊಸೆ ಟಿ.ವಿ., ಸೆಟ್ ಟಾಪ್ ಬಾಕ್ಸ್ ಎರಡರ ಸ್ವಿಚ್ಚೂ ಆರಿಸಿದಳು. ಪ್ಲಗ್ ತೆಗೆದಳು. ಬಾಕ್ಸಿನ ಹಿಂದಿನ ಕರಿ ವೈರನ್ನು ತಿರುಗಿಸಿ ಬಿಚ್ಚಿದಳು.

ಈ ವೈರು ಕರೆಂಟಿನ ವೈರಿನಂತೆ ಅಲ್ಲ. ಇದರ ನಡುವೆ ಒಂದೇ ತಂತಿ. ಅದರ ಸುತ್ತ ಬಿಳಿ ಪ್ಲಾಸ್ಟಿಕ್. ಅದರ ಮೇಲೆ ಸಣ್ಣ ಎಳೆಗಳ ಜಾಲರಿ. ಎಲ್ಲಕ್ಕೂ ಮೇಲೆ ಕರಿ ಹೊದಿಕೆ. ಜಾಲರಿ ಮತ್ತು ನಡುತಂತಿ ಒಂದಕ್ಕೊಂದು ತಾಗಬಾರದು. ಜಾಲರಿಯ ಒಂದೇ ಎಳೆ ತಾಗಿದರೂ ಚಿತ್ರ ಕೆಡುತ್ತದೆ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ಇಲ್ಲೊಂದು ಎಳೆ ತಾಗಿದೆ ನೋಡು! ಕೂದಲಿನಷ್ಟೇ ಇದೆ."

ಸೊಸೆ ಅದನ್ನು ಕತ್ತರಿಯಿಂದ ತೆಗೆದಳು. ವೈರನ್ನು ಕೈಯಿಂದಲೇ ಬಿಗಿಯಾಗಿ ತಿರುಗಿಸಿದಳು. ಚಿತ್ರ ಬಂತು. ಆದರೂ ಆಗಾಗ ನಿಲ್ಲುತ್ತಿತ್ತು.

"ಮೊದಲು ರಾಗಿ ಚೆಲ್ಲಿದ ಹಾಗೆ ಚುಕ್ಕಿ ಬರೋದು. ಆದ್ರೂ ಚಿತ್ರ ಕಾಣ್ತಿತ್ತು," ಅಂದರು ಅತ್ತೆ. ಅದು ನಿಜ. ಬೆಂಗಳೂರು, ಮೈಸೂರಿನಲ್ಲಿ 2013ರಲ್ಲಿ ಕೇಬಲ್ ಡಿಜಿಟಲ್ ಆಯಿತು. ಬೇರೆ ಊರುಗಳಲ್ಲಿ ಆಮೇಲೆ ಆಯಿತು. ಡಿಜಿಟಲ್‌ನಲ್ಲಿ ಸಿಗ್ನಲ್ ತೀರಾ ಕಮ್ಮಿಯಾದರೆ ಚಿತ್ರ ಪೂರ್ತಿ ನಿಲ್ಲುತ್ತದೆ.

ಸೊಸೆ ವೈರಿನ ದಾರಿ ಹಿಡಿದು ಹೋದಳು. ಗೋಡೆ ಹತ್ತಿರ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಇತ್ತು. ಅದು ಒಂದು ವೈರನ್ನು ಎರಡು ಮಾಡುತ್ತದೆ. ಒಂದು ಲೋಟ ಹಾಲನ್ನು ಇಬ್ಬರಿಗೆ ಹಂಚಿದ ಹಾಗೆ. ಒಂದೊಂದು ಕಡೆಗೆ ಸಿಗುವುದು ಅರ್ಧಕ್ಕಿಂತ ಕಮ್ಮಿಯೇ. ಇವರ ಮನೆಯಲ್ಲಿ ಇರುವುದು ಒಂದೇ ಟಿ.ವಿ.! ಹಿಂದಿನ ಬಾಡಿಗೆಯವರು ಬಿಟ್ಟು ಹೋದ ಡಬ್ಬಿ ಅದು. ಸೊಸೆ ಮತ್ತೆ ಪ್ಲಗ್ ತೆಗೆದು, ಡಬ್ಬಿಯನ್ನೂ ಬಿಚ್ಚಿದಳು. ಹೊರಗಿನಿಂದ ಬಂದ ವೈರನ್ನು ನೇರವಾಗಿ ಬಾಕ್ಸಿಗೆ ಹಾಕಿದಳು. ಚಿತ್ರ ನಿಲ್ಲುವುದು ತಪ್ಪಿತು.

ಕಿಟಕಿ ಹೊರಗೆ ಇನ್ನೊಂದು ಕಂಡಿತು. ವೈರನ್ನು ತಿರುಚಿ ಟೇಪ್ ಸುತ್ತಿದ್ದರು. ಇಂಥ ಜಾಯಿಂಟಿನಲ್ಲಿ ಸಿಗ್ನಲ್ ಸೋರುತ್ತದೆ. ಮಳೆ ನೀರು ಇಳಿದರೆ ಜಾಲರಿ ಹಾಳಾಗುತ್ತದೆ. ಅದಕ್ಕೆ ಹೊಸ ವೈರೇ ಬೇಕು. ಹೊಸದು ಹಾಕಿಸುವಾಗ ಕಿಟಕಿ ಹೊರಗೆ ವೈರನ್ನು ಸ್ವಲ್ಪ ಕೆಳಗೆ ಜೋತುಬಿಡಿಸಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ.

ಗುಡುಗು ಮಿಂಚು ಇರುವಾಗ ಈ ಕೆಲಸ ಬೇಡ. ಕಂಬ ಹತ್ತಬೇಡಿ. ಟಿ.ವಿ. ಹಿಂಬದಿ ಬಿಚ್ಚಬೇಡಿ. ಹಳೇ ದಪ್ಪ ಟಿ.ವಿ.ಯಲ್ಲಿ ಸ್ವಿಚ್ ಆರಿಸಿದ ಮೇಲೂ ಕರೆಂಟ್ ಉಳಿದಿರುತ್ತದೆ. ವೈರು ಮುಟ್ಟಿದಾಗ ಜುಮ್ ಅಂದರೆ ತಕ್ಷಣ ಬಿಟ್ಟು, ತಿಳಿದವರನ್ನು ಕರೆಯಿರಿ.

ಓದಿ, ಬರೆಯಿರಿ: ವೈರು, ತಂತಿ, ಎಳೆ, ಜಾಲರಿ, ಪ್ಲಗ್, ಡಬ್ಬಿ.
ನಿಮ್ಮ ಮನೆಯ ಕೇಬಲ್ ವೈರಿಗೆ ಎಷ್ಟು ಜಾಯಿಂಟ್ ಇದೆ? ನೋಡಿ ಬರೆಯಿರಿ.