ಆರ್.ಓ. ಯಂತ್ರದ ವೇಸ್ಟ್ ಪೈಪು ನಿಲ್ಲುತ್ತಿಲ್ಲವೇ? ವಾಲ್ವ್ ಪರೀಕ್ಷಿಸಿ

ನಮ್ಮದು ಪಾವಗಡ ತಾಲ್ಲೂಕು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ಇದು ಕುದಿಸಿದರೆ ಹೋಗುವಂಥದ್ದಲ್ಲ. ಹಾಗಾಗಿ ಮನೆಯಲ್ಲಿ ಆರ್.ಓ. ಯಂತ್ರ ಹಾಕಿಸಿದ್ದೇವೆ.

ಕಳೆದ ಬೇಸಿಗೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಸಂಜೆ ತುಂಬಿಸಿದ 500 ಲೀಟರಿನ ಮಾಳಿಗೆ ಟ್ಯಾಂಕು ಬೆಳಗಾಗುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಗೇಣು ಇಳಿದಿರುತ್ತಿತ್ತು. ಕರೆಂಟು ಸಿಗುವುದು ಸ್ವಲ್ಪ ಹೊತ್ತು, ಬೋರಿನಲ್ಲಿ ಬರುವುದೂ ಸ್ವಲ್ಪ ನೀರು. ಕೊಟ್ಟಿಗೆಯಲ್ಲಿ ಮೂರು ಹಸು. ನಾನು ನಲ್ಲಿಗಳನ್ನೆಲ್ಲ ಹುಡುಕಿದೆ. ಕೊನೆಗೆ ಕಂಡುಹಿಡಿದದ್ದು ನಮ್ಮ ಮನೆಯವಳು. “ರಾತ್ರಿಯೆಲ್ಲ ಬಚ್ಚಲಲ್ಲಿ ಸಣ್ಣಗೆ ನೀರು ಬೀಳೋ ಸದ್ದು ಕೇಳುತ್ತೆ, ನೋಡಿ” ಅಂದಳು. ಆರ್.ಓ. ವೇಸ್ಟ್ ಪೈಪಿನಿಂದ ನೀರು ಹರೀತಾ ಇತ್ತು, ಯಂತ್ರ ನಿಂತಿದ್ದರೂ!

ಒಂದು ಲೀಟರಿನ ಚೊಂಬು ಹಿಡಿದು ನೋಡಿದೆ. 8 ನಿಮಿಷಕ್ಕೆ ತುಂಬಿತು. ಅಂದರೆ ಗಂಟೆಗೆ ಏಳೂವರೆ ಲೀಟರ್, ದಿನಕ್ಕೆ 180 ಲೀಟರ್. ನಮ್ಮ ಮೂರೂ ಹಸು ಕುಡಿಯುವಷ್ಟು ನೀರು ಬಚ್ಚಲು ಸೇರುತ್ತಿತ್ತು.

ರಿಪೇರಿಗೆ ಬಂದ ಹುಡುಗ, “ಅಣ್ಣಾ, ಮೆಂಬ್ರೇನು, ಪಂಪು ಎರಡೂ ಹೋಗಿದೆ, ಬದಲಾಯಿಸಬೇಕು” ಅಂದ. ಸಾವಿರಗಟ್ಟಲೆ ಲೆಕ್ಕ ಹೇಳಿದ. ಒಪ್ಪಿಕೊಳ್ಳುವ ಮೊದಲು ನಾನೇ ಒಂದಿಷ್ಟು ತಿಳಿದುಕೊಂಡೆ. ಕೆಟ್ಟದ್ದು ಒಂದು ಸಣ್ಣ ವಾಲ್ವ್ ಅಷ್ಟೆ.

ವಾಲ್ವ್ ಏನು ಮಾಡುತ್ತದೆ?

ನಮ್ಮ ಕಡೆಯ ಹೆಚ್ಚಿನ ಯಂತ್ರಗಳಲ್ಲಿ ಪಂಪಿಗೆ ಮೊದಲು ಸೊಲೆನಾಯ್ಡ್ ವಾಲ್ವ್ ಇರುತ್ತದೆ. ಮೆಕ್ಯಾನಿಕ್‌ಗಳು ‘ಎಸ್.ವಿ.’ ಅಂತಾರೆ. ಕರೆಂಟು ಬಂದಾಗ ಅದರ ಸುರುಳಿ ಒಂದು ಕಬ್ಬಿಣದ ಕಡ್ಡಿಯನ್ನು ಮೇಲಕ್ಕೆಳೆದು ನೀರಿಗೆ ದಾರಿ ಬಿಡುತ್ತದೆ. ಕರೆಂಟು ಹೋದರೆ ಸ್ಪ್ರಿಂಗು ಆ ಕಡ್ಡಿಯನ್ನು ಕೆಳಕ್ಕೊತ್ತಿ ರಬ್ಬರ್ ಬಿಲ್ಲೆ ದಾರಿ ಮುಚ್ಚುತ್ತದೆ. ಒಳಗಿನ ಶುದ್ಧ ನೀರಿನ ತೊಟ್ಟಿ ತುಂಬಿದಾಗ ಫ್ಲೋಟು ಮೇಲೇರಿ, ಪಂಪು ಮತ್ತು ವಾಲ್ವ್ ಎರಡರ ಕರೆಂಟನ್ನೂ ಕಡಿಯುತ್ತದೆ. ಬಿಲ್ಲೆಯಡಿ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ದಾರಿ ಪೂರ್ತಿ ಮುಚ್ಚುವುದಿಲ್ಲ. ಮಾಳಿಗೆ ಟ್ಯಾಂಕಿನ ಒತ್ತಡಕ್ಕೇ ನೀರು ನಿಂತ ಪಂಪನ್ನು ದಾಟಿ ವೇಸ್ಟ್ ಪೈಪಿಗೆ ಹೋಗುತ್ತಿರುತ್ತದೆ.

ಎಲ್ಲಿ ತೊಂದರೆ ಎಂದು ತಿಳಿಯುವ ಕ್ರಮ

1. ಮೊದಲು ಕಿವಿಗೊಟ್ಟು ಕೇಳಿ. ತೊಟ್ಟಿ ತುಂಬಿದ ಮೇಲೂ ಪಂಪು ಗುಂಯ್‌ಗುಡುತ್ತಿದ್ದರೆ ತಪ್ಪು ವಾಲ್ವಿನದಲ್ಲ. ಫ್ಲೋಟನ್ನು ಕೈಯಿಂದ ಮೇಲೆತ್ತಿ. ಪಂಪು ನಿಂತರೆ ಅದು ಎಲ್ಲೋ ಸಿಕ್ಕಿಕೊಂಡಿದೆ, ಬಿಡಿಸಿ ತೊಳೆಯಿರಿ. ನಿಲ್ಲದಿದ್ದರೆ ಫ್ಲೋಟಿನ ಸ್ವಿಚ್ಚು ಅಥವಾ ಅದರ ವೈರು ಕೆಟ್ಟಿದೆ.

2. ಪಂಪು ಸುಮ್ಮನಿದ್ದು ವೇಸ್ಟ್ ನೀರು ಬರುತ್ತಿದ್ದರೆ ಕಾಲು ಗಂಟೆ ಕಾಯಿರಿ. ಒಳಗೆ ಉಳಿದ ಒತ್ತಡ ಇಳಿಯುವವರೆಗೆ ಸ್ವಲ್ಪ ತೊಟ್ಟಿಕ್ಕುವುದು ಸಹಜ.

3. ಆಮೇಲೂ ಬರುತ್ತಿದ್ದರೆ ಪ್ಲಗ್ ಕಿತ್ತುಬಿಡಿ. ಕರೆಂಟೇ ಇಲ್ಲದಾಗಲೂ ನೀರು ಹರಿದರೆ ವಾಲ್ವ್ ಮುಚ್ಚುತ್ತಿಲ್ಲ ಎಂದೇ ಅರ್ಥ. ಪ್ಲಗ್ ಕಿತ್ತಾಗ ನಿಂತರೆ, ವಾಲ್ವಿಗೆ ಕರೆಂಟು ಹೋಗುತ್ತಲೇ ಇತ್ತು. ವೈರಿಂಗ್ ನೋಡಿಸಿ.

4. ಕೊನೆಗೆ ಯಂತ್ರಕ್ಕೆ ಬರುವ ನಲ್ಲಿ ಮುಚ್ಚಿ. ಸ್ವಲ್ಪ ಹೊತ್ತಿನಲ್ಲಿ ಹರಿವು ನಿಂತರೆ ಸಂಶಯವೇ ಬೇಡ.

ಕರೆಂಟಿಲ್ಲದೆ ನಲ್ಲಿಯ ಒತ್ತಡದಲ್ಲೇ ನಡೆಯುವ, ಗಾಳಿ ತುಂಬಿದ ಮುಚ್ಚು ತೊಟ್ಟಿಯ ಯಂತ್ರವಾದರೆ ಲೆಕ್ಕ ಬೇರೆ. ಅದರಲ್ಲಿ ನಾಲ್ಕು ಪೈಪು ಸೇರುವ ವಾಲ್ವ್ ಇದ್ದು, ಶುದ್ಧ ನೀರಿನ ಒತ್ತಡ ಏರಿದಾಗ ತಾನೇ ಮುಚ್ಚುತ್ತದೆ. ತೊಟ್ಟಿ ತುಂಬಿದಾಗ ಬರುವ ನೀರಿನ ನಲ್ಲಿ ಮುಚ್ಚಿ. ವೇಸ್ಟ್ ನಿಂತರೆ ದೋಷ ಆ ವಾಲ್ವಿನದು. ಆಗಲೂ ಹರಿಯುತ್ತಲೇ ಇದ್ದರೆ ತೊಟ್ಟಿಯ ನೀರೇ ಹಿಂದಕ್ಕೆ ಬರುತ್ತಿದೆ, ಹಿಮ್ಮುಖ ತಡೆಯುವ ಚೆಕ್ ವಾಲ್ವ್ ಹೋಗಿದೆ.

ಬಿಚ್ಚುವುದು, ಕೂರಿಸುವುದು

ಪ್ಲಗ್ ಕೀಳದೆ ಮುಚ್ಚಳ ತೆಗೆಯಲೇಬೇಡಿ. ಅಡಾಪ್ಟರಿನ ಒಂದು ಕಡೆ 230 ವೋಲ್ಟ್ ಇರುತ್ತದೆ. ನೀರಿನ ನಲ್ಲಿ ಮುಚ್ಚಿ, ಕೆಳಗೆ ಬೋಗುಣಿ ಇಡಿ. ಯಾವ ಪೈಪು ಎಲ್ಲಿ, ಯಾವ ವೈರು ಎಲ್ಲಿ ಎಂದು ಫೋಟೋ ತೆಗೆದುಕೊಳ್ಳಿ. ಪೈಪಿನ ಬುಡದ ಸಣ್ಣ ಬಳೆಯನ್ನು ಒಳಕ್ಕೊತ್ತಿ ಹಿಡಿದು ಎಳೆದರೆ ಪೈಪು ಸಲೀಸಾಗಿ ಬರುತ್ತದೆ. ಸುಮ್ಮನೆ ಜಗ್ಗಿದರೆ ಮುರಿಯುತ್ತದೆ.

ಸ್ಕ್ರೂ ಇರುವ ವಾಲ್ವಾದರೆ ಬಿಚ್ಚಿ, ಬಿಲ್ಲೆ ಮತ್ತು ಅದರ ಸೂಜಿಮೊನೆಯಂಥ ತೂತನ್ನು ಚೊಕ್ಕ ನೀರಿನಲ್ಲಿ ತೊಳೆಯಿರಿ. ಪಿನ್ನು ಹಾಕಿ ತೂತು ದೊಡ್ಡದು ಮಾಡಬೇಡಿ. ರಬ್ಬರ್ ಸವೆದಿದ್ದರೆ ಹೊಸ ವಾಲ್ವೇ ಹಾಕಿ. ನಾನು ಕೊಟ್ಟದ್ದು 220 ರೂಪಾಯಿ. ಹಳೆಯದರ ಮೇಲೆ ಬರೆದಿರುವ ವೋಲ್ಟೇಜು (ನಮ್ಮದು 24 ವೋಲ್ಟ್ ಡಿ.ಸಿ.) ನೋಡಿಯೇ ಕೊಳ್ಳಿ. ಮೈಮೇಲಿನ ಬಾಣ ನೀರು ಹೋಗುವ ದಿಕ್ಕಿಗೇ ಇರಬೇಕು. ತಿರುಗುಮುರುಗಾದರೆ ಹೊಸದೂ ಸರಿಯಾಗಿ ಮುಚ್ಚುವುದಿಲ್ಲ. ಕರೆಂಟು ಕೊಡುವ ಮೊದಲು ನೀರು ಬಿಟ್ಟು ನೋಡಿ. ಆಚೆ ತುದಿಯಲ್ಲಿ ಹನಿಯೂ ಬರಬಾರದು.

ನನ್ನ ತಪ್ಪು

ಮರಳು ಬಂದದ್ದೆಲ್ಲಿಂದ? ಅದಕ್ಕೆ ನಾನೇ ಕಾರಣ. ಹಿಂದಿನ ವಾರ ಹೊರಗಿನ ಫಿಲ್ಟರ್ ಕ್ಯಾಂಡಲನ್ನು ನಾನೇ ಬದಲಿಸಿದ್ದೆ. ಬಟ್ಟಲಿನ ತಳದ ಕೆಸರು ತೊಳೆಯದೆ, ಮೊದಲ ನೀರನ್ನು ಹೊರಗೆ ಬಿಡದೆ ಸೀದಾ ಯಂತ್ರಕ್ಕೆ ಜೋಡಿಸಿದೆ. ಈಗ ಕ್ಯಾಂಡಲ್ ಹಾಕಿದಾಗಲೆಲ್ಲ ಒಂದು ಬಕೆಟ್ ನೀರು ಹೊರಗೆ ಬಿಟ್ಟ ಮೇಲೇ ಪೈಪು ಸೇರಿಸುತ್ತೇನೆ.

ಇನ್ನೊಂದು ಮಾತು. “ವೇಸ್ಟ್ ಪೈಪನ್ನೇ ಮಡಚಿ ದಾರ ಕಟ್ಟಿಬಿಡೋ” ಅಂದಿದ್ದರು ಚಿಕ್ಕಪ್ಪ. ಹಾಗೆ ಮಾಡಲೇಬೇಡಿ. ಬೇರ್ಪಟ್ಟ ಉಪ್ಪು ಆಚೆ ಹೋಗಲು ಅದೊಂದೇ ದಾರಿ. ಅದನ್ನು ಕಟ್ಟಿದರೆ ಮೆಂಬ್ರೇನು ಬೇಗ ಕಟ್ಟಿಕೊಂಡು ನಿಜವಾಗಿಯೂ ಸಾವಿರಗಟ್ಟಲೆ ಖರ್ಚಾಗುತ್ತದೆ. ರಿಪೇರಿ ಆಗುವವರೆಗೆ ರಾತ್ರಿ ಪ್ಲಗ್ ಕಿತ್ತು, ನೀರಿನ ನಲ್ಲಿ ಮುಚ್ಚಿ ಮಲಗಿ. ನಲ್ಲಿ ಮಾತ್ರ ಮುಚ್ಚಿದರೆ ಪಂಪು ನೀರಿಲ್ಲದೆ ಓಡೀತು.

ಯಂತ್ರ ನಡೆಯುವಾಗ ಬರುವ ವೇಸ್ಟ್ ನೀರಿನಲ್ಲಿ ಉಪ್ಪು, ಫ್ಲೋರೈಡ್ ಹೆಚ್ಚು. ಅದನ್ನು ನಾವು ಕೊಟ್ಟಿಗೆ, ನೆಲ ತೊಳೆಯಲು ಬಳಸುತ್ತೇವೆ, ದನಗಳಿಗೆ ಕುಡಿಸುವುದಿಲ್ಲ.

ನಿಮ್ಮಲ್ಲೂ ಆರ್.ಓ. ಇದ್ದರೆ ಇವತ್ತು ಮಲಗುವ ಮುಂಚೆ ವೇಸ್ಟ್ ಪೈಪಿನಡಿ ಒಂದು ಚೊಂಬಿಟ್ಟು ನೋಡಿ. ಬೆಳಿಗ್ಗೆ ಅದು ತುಂಬಿ ಹರಿದಿದ್ದರೆ ಮೆಕ್ಯಾನಿಕ್ ಕರೆಯುವ ಮೊದಲು ಮೇಲಿನ ನಾಲ್ಕು ಪರೀಕ್ಷೆ ಮಾಡಿ.