ಹರಿಯುವ ನೀರನ್ನು ಕಾಂತದಿಂದ ಅಳೆಯುವುದು

೧೮೩೨ನೆಯ ಇಸವಿಯ ಜನವರಿಯಲ್ಲಿ ಮೈಕೇಲ್ ಫ್ಯಾರಡೆಯು ಲಂಡನ್ನಿನ ವಾಟರ್‌ಲೂ ಸೇತುವೆಯಿಂದ ಥೇಮ್ಸ್ ನದಿಗೆ ಎರಡು ತಾಮ್ರದ ಫಲಕಗಳನ್ನು ಇಳಿಬಿಟ್ಟನು. ನದಿಯ ನೀರು ವಿದ್ಯುದ್ವಾಹಕ. ಅದು ಭೂಮಿಯ ಕಾಂತಕ್ಷೇತ್ರವನ್ನು ಛೇದಿಸುತ್ತ ಹರಿಯುವುದು. ಆದುದರಿಂದ ಎರಡು ದಡಗಳ ನಡುವೆ ವಿದ್ಯುತ್ತು ಪ್ರೇರಿತವಾಗಲೇಬೇಕೆಂಬುದು ಆತನ ತರ್ಕ. ತರ್ಕವೇನೋ ಸರಿಯಾಗಿತ್ತು. ಆದರೆ ಫಲಕಗಳಿಗೂ ನೀರಿಗೂ ನಡೆದ ರಾಸಾಯನಿಕ ಕ್ರಿಯೆಯೇ ಮೊದಲಾದ ಕಾರಣಗಳಿಂದ ಮಾಪಕದ ಮುಳ್ಳು ಮನಬಂದಂತೆ ಆಡಿತು, ಪ್ರಯೋಗ ಫಲಿಸಲಿಲ್ಲ.

ಕೊಳವೆಗಳಲ್ಲಿನ ನೀರನ್ನಳೆಯುವ ಇಂದಿನ ವಿದ್ಯುತ್ಕಾಂತೀಯ ಪ್ರವಾಹಮಾಪಕವು ಆ ತರ್ಕವನ್ನೇ ಆಶ್ರಯಿಸಿದೆ. ಇಲ್ಲಿ ಭೂಮಿಯ ದುರ್ಬಲ ಕ್ಷೇತ್ರವನ್ನು ನೆಚ್ಚುವುದಿಲ್ಲ. ಹೊರಗಿನ ತಂತಿಸುರುಳಿಗಳು ಪ್ರವಾಹಕ್ಕೆ ಅಡ್ಡಲಾಗಿ ಕಾಂತಕ್ಷೇತ್ರವನ್ನು ಉಂಟುಮಾಡುವುವು. ಇವೆರಡಕ್ಕೂ ಲಂಬವಾದ ವ್ಯಾಸದ ತುದಿಗಳಲ್ಲಿ ಎರಡು ವಿದ್ಯುದಗ್ರಗಳು ನೀರನ್ನು ಮುಟ್ಟುತ್ತಿರುವುವು. ಅವುಗಳ ನಡುವಣ ವಿಭವಾಂತರವು ಕ್ಷೇತ್ರ, ವ್ಯಾಸ, ಸರಾಸರಿ ವೇಗ ಈ ಮೂರರ ಗುಣಲಬ್ಧ. ವ್ಯಾಸ ೧೦ ಸೆಂಟಿಮೀಟರ್ (ಎಂದರೆ ೦.೧ ಮೀಟರ್), ಕ್ಷೇತ್ರ ೦.೦೧ ಟೆಸ್ಲಾ, ವೇಗ ಸೆಕೆಂಡಿಗೆ ೧ ಮೀಟರ್ ಎಂದಿಟ್ಟುಕೊಂಡು ವಾಚಕರೇ ಗುಣಿಸಿ ನೋಡಲಿ: ದೊರೆಯುವುದು ೧ ಮಿಲಿವೋಲ್ಟ್ ಮಾತ್ರ! ಆಗ ಹರಿಯುವ ನೀರು ಸೆಕೆಂಡಿಗೆ ಸುಮಾರು ೭.೮೫ ಲೀಟರ್.

ಇಷ್ಟು ಅಲ್ಪವಾದುದನ್ನು, ಫ್ಯಾರಡೆಯನ್ನು ಕಾಡಿದ ಆ ರಾಸಾಯನಿಕ ವಿದ್ಯುತ್ತು ನುಂಗಿಬಿಡದೆ? ಇದಕ್ಕೆ ಕಂಡುಕೊಂಡ ಉಪಾಯ ಬಲು ಸೊಗಸಾದುದು. ಕಾಂತಕ್ಷೇತ್ರದ ದಿಕ್ಕನ್ನು ಮತ್ತೆ ಮತ್ತೆ ತಿರುಗಿಸುವರು. ಪ್ರೇರಿತ ವಿಭವಾಂತರವು ಒಡನೆ ತಲೆಕೆಳಗಾಗುವುದು. ರಾಸಾಯನಿಕವಾದುದು ಇದ್ದಂತೆಯೇ ಇರುವುದು. ಒಂದು ಅಳತೆಯಿಂದ ಇನ್ನೊಂದನ್ನು ಕಳೆದರೆ ಬೇಡವಾದುದು ಅಳಿದು, ಬೇಕಾದುದು ಇಮ್ಮಡಿಯಾಗಿ ಉಳಿಯುವುದು.

ಲೋಹದ ಕೊಳವೆಯಾದರೆ ಒಳಮೈಗೆ ರಬ್ಬರಿನಂತಹ ಅವಾಹಕದ ಹೊದಿಕೆ ಬೇಕು. ಇಲ್ಲವಾದರೆ ಗೋಡೆಯೇ ವಿದ್ಯುದಗ್ರಗಳನ್ನು ಕೂಡಿಸಿಬಿಡುವುದು. ಕೊಳವೆ ತುಂಬಿ ಹರಿಯಲೂ ಬೇಕು. ದಾರಿಗಡ್ಡವಾಗಿ ತಿರುಗುವ ಚಕ್ರವೊಂದೂ ಒಳಗಿಲ್ಲವಾದುದರಿಂದ ಕೆಸರುನೀರನ್ನೂ ಇದು ಅಳೆಯಬಲ್ಲದು. ವಿದ್ಯುದ್ವಾಹಕವಲ್ಲದ ಸೀಮೆಎಣ್ಣೆಯ ಮುಂದೆ ಮಾತ್ರ ಇದರ ಆಟ ನಡೆಯದು.